ಹನೂರಿನಿಂದ ಬರುವ ಹಲ್ಲಿನ ಅಚ್ಚುಗಳು

ಮಹಾಲಕ್ಷ್ಮಮ್ಮ ಅಚ್ಚಿನ ಪುಡಿಗೆ ನೀರು ಬೆರೆಸುವ ಮೊದಲು ಎಡಗೈಯ ಕಿರುಬೆರಳನ್ನು ಲೋಟದೊಳಗೆ ಅದ್ದಿ ನೋಡುತ್ತಿದ್ದಳು. ಪಕ್ಕದ ಗೋಡೆಗೆ ಒಂದು ಥರ್ಮಾಮೀಟರ್ ತೂಗುತ್ತಿತ್ತು. ಅದನ್ನು ಬಳಸಿ ಎಂದು ಹಲ್ಲಿನ ಡಾಕ್ಟರ್ ಪ್ರೇಮಾ ಎಷ್ಟೋ ಸಲ ಹೇಳಿದ್ದರು. ಅವಳು ಬಳಸುತ್ತಲೂ ಇದ್ದಳು, ಆದರೆ ಬೆರಳು ಅದ್ದಿದ ಮೇಲೆ. ಬೆರಳು ಹೇಳಿದ್ದನ್ನು ಆ ಗಾಜಿನ ಕಡ್ಡಿ ಒಪ್ಪುತ್ತದೋ ಇಲ್ಲವೋ ಎಂದು ನೋಡುವುದಕ್ಕೆ.

ಆ ಬೆರಳು ಒಂದೆರಡು ದಿನದಲ್ಲಿ ಪಳಗಿದ್ದಲ್ಲ. ಯಳಂದೂರಿನಲ್ಲಿ ಏಳನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಅವ್ವನ ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚಲು ಕೂತಾಗ ಅವಳಿಗೆ ಹನ್ನೆರಡು ವರ್ಷ. ಬಿಸಿನೀರಿನ ಬೋಗುಣಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ನೀರು ಕಾದದ್ದು ಹೆಚ್ಚಾದರೆ ಎಳೆ ಸಿಕ್ಕುಸಿಕ್ಕಾಗುತ್ತದೆ, ಕಡಿಮೆಯಾದರೆ ಗೂಡು ಎಳೆ ಬಿಡುವುದೇ ಇಲ್ಲ. ನಡುವಿನ ಆ ಹದವನ್ನು ಬೆರಳೇ ಹೇಳಬೇಕು. ಶಾಂತರಾಜುವನ್ನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೂ ಅವಳದು ಅದೇ ಕೆಲಸ. ಗಂಡ ಮಗ್ಗದ ಮುಂದೆ, ಹೆಂಡತಿ ಬೋಗುಣಿಯ ಮುಂದೆ. ಹೀಗೆ ಹದಿನೆಂಟು ವರ್ಷ ಕಳೆದ ಮೇಲೆ ಅವಳ ಮಾಲೀಕರು ದೊಡ್ಡ ಯಂತ್ರ ತಂದರು. ಹತ್ತು ಜನರ ಕೆಲಸಕ್ಕೆ ಮೂವರು ಸಾಕಾದರು. ಆ ಮೂವರಲ್ಲಿ ಅವಳಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಸದೊಂದು ಹಲ್ಲಿನ ಕ್ಲಿನಿಕ್ ತೆರೆದಿದ್ದರು. ಗುಡಿಸಿ ಒರೆಸಲು ಜನ ಬೇಕು ಅಂದರು. ಹೋದಳು.

ಸೇರಿ ಎರಡು ತಿಂಗಳಾಗಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಸಹಾಯಕಿ ಹುಡುಗಿ ಅಂದು ಬಂದಿರಲಿಲ್ಲ. ಒಬ್ಬ ರೋಗಿಯ ಹಲ್ಲಿನ ಅಳತೆ ತೆಗೆಯಲು ಡಾಕ್ಟರು ತಾವೇ ಗುಲಾಬಿ ಬಣ್ಣದ ಪುಡಿ ಕಲಸುತ್ತಿದ್ದರು. ಮೂರು ಸಲ ಕಲಸಿದರು, ಮೂರು ಸಲವೂ ಅದು ಬಟ್ಟಲಿನಲ್ಲೇ ಗಟ್ಟಿಯಾಗಿ ಕೂತಿತು. ರೋಗಿ ಬಾಯಿ ತೆರೆದುಕೊಂಡೇ ಇದ್ದ. ನೆಲ ಒರೆಸುತ್ತಿದ್ದ ಮಹಾಲಕ್ಷ್ಮಮ್ಮ ಕೋಲನ್ನು ಗೋಡೆಗೆ ಒರಗಿಸಿ, ಹೆದರುತ್ತಲೇ ಅಂದಳು:

"ನೀರು ಕಾದದೆ ಮೇಡಂ. ಟ್ಯಾಂಕಿಂದಲ್ವಾ? ತಡೀರಿ, ಮಡಕೇದು ತತ್ತೀನಿ."

ಮಡಕೆಯ ನೀರಿನಲ್ಲಿ ಪುಡಿ ಹದವಾಗಿ ಬೆರೆಯಿತು. ರೋಗಿಯ ಬಾಯಿ ಮುಚ್ಚಿತು. ಮರುವಾರದಿಂದ ನೆಲ ಒರೆಸಲು ಬೇರೆಯವರು ಬಂದರು.

ಇದಾಗಿ ಒಂಬತ್ತು ವರ್ಷ. ಕ್ಲಿನಿಕ್ಕಿನ ಹಿಂದಿನ ಸಣ್ಣ ಕೋಣೆ ಈಗ ಅವಳದು. ಅಲ್ಲಿ ನಡೆಯುವುದು ಇಷ್ಟೇ. ಲಾಳದ ಆಕಾರದ ತಟ್ಟೆಯಲ್ಲಿ ಕಲಸಿದ ಪುಡಿಯನ್ನು ತುಂಬಿ ಡಾಕ್ಟರು ರೋಗಿಯ ಹಲ್ಲಿಗೆ ಒತ್ತಿ ಹಿಡಿಯುತ್ತಾರೆ. ಮೂರು ನಿಮಿಷದಲ್ಲಿ ಅದು ರಬ್ಬರಿನಂತಾಗುತ್ತದೆ. ಹೊರಗೆ ತೆಗೆದರೆ ಹಲ್ಲಿದ್ದ ಕಡೆ ಕುಳಿ, ಹಲ್ಲಿಲ್ಲದ ಕಡೆ ದಿಬ್ಬ. ಅದೇ ಅಚ್ಚು. ಅದರೊಳಗೆ ಮಹಾಲಕ್ಷ್ಮಮ್ಮ ಸ್ಟೋನ್ ಎಂಬ ಹಳದಿ ಗಾರೆಯನ್ನು ಸುರಿಯುತ್ತಾಳೆ. ಮುಕ್ಕಾಲು ಗಂಟೆಯ ನಂತರ ಅಚ್ಚನ್ನು ಸುಲಿದರೆ ರೋಗಿಯ ಬಾಯಿ ಕಲ್ಲಾಗಿ ಕೈಯಲ್ಲಿರುತ್ತದೆ. ಆ ಕಲ್ಲು ಮೈಸೂರಿಗೆ ಹೋಗಿ, ಅದರ ಮೇಲೆ ಹಲ್ಲಿನ ಸೆಟ್ ತಯಾರಾಗಿ ಬರುತ್ತದೆ.

ಕಲ್ಲು ಗಟ್ಟಿ. ಕಷ್ಟವೆಲ್ಲ ಅದಕ್ಕೆ ಮೊದಲಿನ ಗುಲಾಬಿ ಅಚ್ಚಿನದು. ಅದು ನೋಡಲು ರಬ್ಬರು, ಆದರೆ ಅದರೊಳಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ನೀರು ಜಾಸ್ತಿ ಹಾಕಿ ಕಲಸಿದರೆ ಹರಿಯುತ್ತದೆ. ಬಾಯಿಂದ ತೆಗೆಯುವಾಗ ಅಯ್ಯೋ ಪಾಪ ಎಂದು ಮೆಲ್ಲಗೆ ಎಳೆದರೂ ಹರಿಯುತ್ತದೆ, ಒಂದೇ ಸಲಕ್ಕೆ ಟಕ್ಕನೆ ಕಿತ್ತರೆ ಮಾತ್ರ ಇಡಿಯಾಗಿ ಬರುತ್ತದೆ. ಇದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ವರ್ಷ ಹಿಡಿದಿತ್ತು. ರೇಷ್ಮೆ ಎಳೆಯನ್ನು ಜಗ್ಗಿದರೆ ತುಂಡು, ನಯವಾಗಿ ಎಳೆದರೆ ಒಂದೇ ಗೂಡಿನಿಂದ ಸಾವಿರ ಮಾರು ಬಂದರೂ ಬಂತು. ಇದರದು ತಿರುಗಾಮುರುಗಾ.

"ಊರೋರ ಬಾಯೆಲ್ಲ ನಿನ್ ಕೈಲದೆ ಕಣೆ," ಎಂದು ಶಾಂತರಾಜು ನಗುತ್ತಿದ್ದ.

"ನಿಮ್ದೊಂದ ಬುಟ್ಟು," ಎನ್ನುತ್ತಿದ್ದಳು ಅವಳು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಡಾಕ್ಟರ್ ಪ್ರೇಮಾ ಮಂಗಳವಾರ ಯಳಂದೂರಿಗೂ ಗುರುವಾರ ಹನೂರಿಗೂ ಹೋಗಿ ಒಂದೊಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಯಳಂದೂರಿನಿಂದ ಮಧ್ಯಾಹ್ನವೇ ತಮ್ಮ ಕಾರಿನಲ್ಲಿ ಮರಳುವಾಗ ಅಚ್ಚುಗಳನ್ನೂ ತರುತ್ತಿದ್ದರು. ಹನೂರಿನಲ್ಲಿ ಸಂಜೆಯವರೆಗೂ ಜನ. ಅಷ್ಟು ಹೊತ್ತು ಅಚ್ಚು ಕಾಯುವುದಿಲ್ಲ. ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಒಂದೂ ಕಾಲರ ಖಾಸಗಿ ಬಸ್ಸಿನ ಕಂಡಕ್ಟರ್ ಕುಮಾರಸ್ವಾಮಿಯ ಕೈಗೆ ಕೊಡುತ್ತಿದ್ದರು. ಕೊಳ್ಳೇಗಾಲದ ನಿಲ್ದಾಣದಲ್ಲಿ ಮಹಾಲಕ್ಷ್ಮಮ್ಮ ಇಳಿಸಿಕೊಳ್ಳುತ್ತಿದ್ದಳು. ಒಂದು ಗಂಟೆಯ ದಾರಿ. ಒದ್ದೆ ಬಟ್ಟೆಯಲ್ಲಿ ಅಚ್ಚು ಒಂದು ಗಂಟೆ ತಡೆಯುತ್ತದೆ.

ಕುಮಾರಸ್ವಾಮಿ ಈ ಬಸ್ಸಿಗೆ ಸೇರಿದ್ದು ಸಂಕ್ರಾಂತಿ ಕಳೆದ ಮೇಲೆ. ಹನೂರಿನ ಸೆಟ್ಟುಗಳು ಕೂರದೆ ವಾಪಸು ಬರತೊಡಗಿದ್ದೂ ಅದೇ ಹೊತ್ತಿಗೆ. ಆದರೆ ಇವೆರಡನ್ನು ಸೇರಿಸಿ ನೋಡಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲು ಒಬ್ಬರದು, ಆಮೇಲೆ ಇನ್ನೊಬ್ಬರದು. ಕಾಮಗೆರೆಯ ದೊಡ್ಡಬಸಮ್ಮನದಂತೂ ಎರಡು ಸಲ. ದೊಡ್ಡಬಸಮ್ಮನಿಗೆ ಎಪ್ಪತ್ತೆರಡು. ಕೆಳಗಿನ ಸಾಲಿನಲ್ಲಿ ಐದು ಹಲ್ಲು ಉಳಿದಿದ್ದವು, ಗಂಟಲು ಮಾತ್ರ ಪೂರ್ತಿ ಉಳಿದಿತ್ತು. ಎರಡನೆಯ ಸೆಟ್ಟನ್ನು ಅವಳು ಕೊಳ್ಳೇಗಾಲದವರೆಗೂ ತಂದು, ಸಾಲಾಗಿ ಕೂತಿದ್ದ ರೋಗಿಗಳ ಎದುರಿಗೇ ಮೇಜಿನ ಮೇಲಿಟ್ಟಳು.

"ಇದು ನನ್ ಹಲ್ಲಲ್ಲ ಕಣವ್ವ, ಇನ್ಯಾರ್ದೋ. ನಾನು ಎಡಕ್ಕೆ ಜಗುದ್ರೆ ಇದು ಬಲಕ್ಕೆ ಓಯ್ತದೆ. ಬಾಯೊಳಗೆ ಸೊಸೆ ತಂದ್ ಇಟ್ಕಂಡಂಗೆ ಆಗದೆ ನಂಗೆ!"

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರು ನಗಲಿಲ್ಲ. ಅಜ್ಜಿಯನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮಹಾಲಕ್ಷ್ಮಮ್ಮ, ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ಆದ್ರೆ ಎಲ್ಲೋ ಏನೋ ಆಗ್ತಿದೆ. ಆ ಅಜ್ಜಿಗೆ ಇನ್ನೊಂದೇ ಸಲ ಅಳತೆ ತಗೋತೀನಿ. ಅದೂ ಕೂರಲಿಲ್ಲ ಅಂದ್ರೆ ಹನೂರು ಗುರುವಾರ ನಿಲ್ಲಿಸಿಬಿಡ್ತೀನಿ. ಇಲ್ಲಿಂದೂ ಎಲ್ಲ ಸಿಲಿಕೋನಲ್ಲೇ ಅಳತೆ ತೆಗೆದು ನೇರ ಮೈಸೂರಿಗೆ ಕಳಿಸೋದು."

ಸಿಲಿಕೋನ್ ಎಂದರೇನೆಂದು ಅವಳಿಗೆ ಗೊತ್ತಿತ್ತು. ಎರಡು ಬಣ್ಣದ ಉಂಡೆಗಳನ್ನು ಹಿಟ್ಟಿನಂತೆ ನಾದಿ ಒತ್ತುವುದು. ಅದು ಹರಿಯುವುದಿಲ್ಲ, ಸೊರಗುವುದಿಲ್ಲ, ವಾರ ಬಿಟ್ಟು ನೋಡಿದರೂ ಹಾಗೇ ಇರುತ್ತದೆ. ದುಬಾರಿ ಬೇರೆ, ಹನೂರಿನ ಕಡೆಯ ಕೂಲಿಯವರಿಗೆ ಎಟುಕುವುದಲ್ಲ. ಅದು ಬಂದರೆ ಕಲ್ಲು ಸುರಿಯುವ ಕೆಲಸವೂ ಮೈಸೂರಿನದೇ. ಈ ಕೋಣೆಗೆ ಬೀಗ. ಅವಳಿಗೆ ಇನ್ನು ಬಾಗಿಲಲ್ಲಿ ಚೀಟಿ ಕೊಡುವ ಕೆಲಸ.

"ಆಗ್ಲಿ ಮೇಡಂ," ಎಂದಳು.

ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಹಾಕಿದಳು. ಶಾಂತರಾಜು ಉಂಡು ಕೇಳಿದ, "ಏನಾಯ್ತೆ?" ಹೇಳಿದಳು. ಅವನು, "ಒಂದೇ ನೂಲು, ಒಂದೇ ಮಗ್ಗ, ಒಂದ್ ಸೀರೆ ಚೆಂದಾಗ್ ಬಂದು ಇನ್ನೊಂದು ಕೆಟ್ರೆ, ಮಗ್ಗ ಬೈಬಾರ್ದು. ನಡುವೆ ಯಾರು ಕೈ ಆಕುದ್ರು ಅಂತ ನೋಡ್ಬೇಕು," ಎಂದ.

ಅದು ಸರಿ ಅನ್ನಿಸಿತು. ಯಳಂದೂರಿನ ಅಚ್ಚುಗಳು ಒಂದೂ ಕೆಟ್ಟಿಲ್ಲ. ಪುಡಿ ಅದೇ, ತಟ್ಟೆ ಅದೇ, ಡಾಕ್ಟರ ಕೈ ಅದೇ, ಅವಳ ಕೈ ಅದೇ. ಬೇರೆಯಾಗಿದ್ದದ್ದು ದಾರಿ ಒಂದೇ.

ಆದರೆ ಸುಮ್ಮನೆ ಅನ್ನಿಸಿದರೆ ಸಾಲದು. ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ರಜೆ. ಅವಳು ಒಬ್ಬಳೇ ಕೂತು ಕೆಲಸ ಶುರುಮಾಡಿದಳು. ಶಾಂತರಾಜುವಿಗೆ ಎಡಗಡೆ ಎರಡು, ಬಲಗಡೆ ಒಂದು ಹಲ್ಲು ಕಟ್ಟಿಸಿದ್ದರು. ಅಂಗುಳಕ್ಕೆ ಅಂಟಿ ಕೂರುವ ಸೆಟ್ಟು. ಆ ಸೆಟ್ಟು ಮಾಡಿಸಿದ್ದ ಹಳೆಯ ಕಲ್ಲನ್ನು ಕಪಾಟಿನಿಂದ ತೆಗೆದು, ಅದರ ಮೇಲೆ ನಾಲ್ಕು ಅಚ್ಚು ಒತ್ತಿದಳು. ಒಂದಕ್ಕೆ ಕೂಡಲೇ ಕಲ್ಲು ಸುರಿದಳು. ಎರಡನೆಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿದಳು. ಮೂರನೆಯದನ್ನು ಕಿಟಕಿಯಲ್ಲಿ ಗಾಳಿಗೆ ಬಿಟ್ಟಳು. ನಾಲ್ಕನೆಯದನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿದಳು. ಗೋಡೆಯ ಗಡಿಯಾರ ನೋಡಿಕೊಂಡು ಸರಿಯಾಗಿ ಒಂದು ಗಂಟೆ ಬಿಟ್ಟು ಉಳಿದ ಮೂರಕ್ಕೂ ಕಲ್ಲು ಸುರಿದಳು. ತಪ್ಪಿಹೋಗಬಾರದೆಂದು ಒಂದೊಂದರ ತಳದಲ್ಲೂ ಪೆನ್ಸಿಲಿನಿಂದ ಅಂಕಿ ಬರೆದಳು. ಆಮೇಲೆ ಗಂಡನ ಸೆಟ್ಟನ್ನು ಸೀರೆಯ ಗಂಟಿನಿಂದ ಬಿಚ್ಚಿ ತೆಗೆದಳು.

ಹೌದು, ಬೆಳಿಗ್ಗೆ ಅವನು ಮುಖ ತೊಳೆಯಲು ಬಿಚ್ಚಿಟ್ಟಿದ್ದಾಗ ಎತ್ತಿಕೊಂಡು ಬಂದಿದ್ದಳು. ಕೇಳಲು ನೆನಪಾಗಿರಲಿಲ್ಲ.

ಒಂದನೆಯ ಕಲ್ಲಿನ ಮೇಲೆ ಸೆಟ್ಟು ತಟ್ಟನೆ ಕೂತಿತು. ಎರಡನೆಯದರ ಮೇಲೂ ಕೂತಿತು. ಮೂರನೆಯದರ ಮೇಲೆ ಇಟ್ಟು ಒಂದು ಬದಿ ಒತ್ತಿದಳು, ಇನ್ನೊಂದು ಬದಿ ಮೇಲೆದ್ದಿತು. ಕುಂಟುಗಾಲಿನ ಮಣೆಯ ಹಾಗೆ. ನಾಲ್ಕನೆಯದು ಇನ್ನೊಂದು ಬಗೆ, ಊದಿದ ಅಚ್ಚಿನ ಕಲ್ಲಿನ ಮೇಲೆ ಸೆಟ್ಟು ಸಡಿಲವಾಗಿ ಜಾರಾಡಿತು. ಮೂರನೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ದೊಡ್ಡಬಸಮ್ಮನ ಸೆಟ್ಟು ಕುಂಟಿದ್ದು ಥೇಟ್ ಹೀಗೇ.

ಅಂದರೆ ದಾರಿಯಲ್ಲಿ ಯಾರೋ ಡಬ್ಬಿ ತೆಗೆಯುತ್ತಿದ್ದಾರೆ.

ಮನೆಗೆ ಬಂದಾಗ ಶಾಂತರಾಜು ಜಗಲಿಯ ಮೇಲೆ ಕೂತಿದ್ದ. "ನನ್ ಅಲ್ಲಿನ್ ಸೆಟ್ ಎಲ್ಲೆ? ಕೊಟ್ಟಿಗೆ, ಬಚ್ಚಲು ಎಲ್ಲ ಉಡುಕ್ದೆ!"

"ಉಂಡ್ರಾ?"

"ಉಂಡೆ. ಮುದ್ದೆ ಅಲ್ವಾ, ನುಂಗಕ್ಕೆ ಅಲ್ಲ್ ಯಾಕೆ."

"ಮತ್ಯಾಕೆ ಉಡುಕಿದ್ರಿ?" ಎಂದು ಅವಳು ಸೆಟ್ಟನ್ನು ತೊಳೆದು ಕೈಗಿತ್ತಳು. ಅವನು ಅದನ್ನು ಬಾಯಿಗೆ ಸೇರಿಸಿಕೊಂಡ.

ಸೋಮವಾರ ನಾಲ್ಕು ಕಲ್ಲನ್ನೂ ಡಾಕ್ಟರ ಮುಂದಿಟ್ಟು ತೋರಿಸಿದಳು. ಅವರು ಒಂದೊಂದನ್ನೇ ನೋಡಿದರು. "ಇಷ್ಟೆಲ್ಲ ನೀವೇ ಮಾಡಿದ್ರಾ?" ಎಂದರು. ಆಮೇಲೆ, "ಆದ್ರೆ ಬಸ್ಸಲ್ಲಿ ಯಾರು ತೆಗೀತಾರೆ? ಯಾಕೆ ತೆಗೀತಾರೆ? ನಿಮ್ಮ ಕೈಗೆ ಬರುವಾಗ ಬಟ್ಟೆ ಒದ್ದೆಯಾಗೇ ಇರುತ್ತಲ್ಲ?" ಎಂದರು.

ಇರುತ್ತಿತ್ತು. ಅದೇ ಅವಳಿಗೂ ಬಗೆಹರಿಯದಿದ್ದದ್ದು.

"ಗುರುವಾರ ನಾನೇ ಬತ್ತೀನಿ ಮೇಡಂ. ಡಬ್ಬಿ ಜೊತೆ ವಾಪಸ್ ಬತ್ತೀನಿ."

ಗುರುವಾರ ಬೆಳಿಗ್ಗೆ ಬುತ್ತಿಯ ಜೊತೆ ಒಂದು ಪೊಟ್ಟಣ ಸ್ಟೋನ್ ಪುಡಿಯನ್ನೂ ರಬ್ಬರಿನ ಬಟ್ಟಲನ್ನೂ ಚೀಲದಲ್ಲಿಟ್ಟುಕೊಂಡಳು. ಬೇಕಾಗುತ್ತದೆ ಎಂದಲ್ಲ, ಏನಕ್ಕೂ ಇರಲಿ ಎಂದು. ಹನೂರಿನ ಕೋಣೆ ಬಸ್ ನಿಲ್ದಾಣದ ಎದುರಿಗೇ, ಔಷಧಿ ಅಂಗಡಿಯ ಮೇಲೆ. ದೊಡ್ಡಬಸಮ್ಮ ಹನ್ನೆರಡಕ್ಕೆ ಮೆಟ್ಟಿಲು ಹತ್ತಿ ಬಂದಳು. "ಇದೇ ಕೊನೆ ಕಣವ್ವ. ಇನ್ನೊಂದ್ ಕಿತ ಆ ಗುಲಾಬಿ ಹಿಟ್ ಬಾಯಿಗಿಟ್ರೆ ನಾನು ನುಂಗೇ ಬುಡೋದು," ಎಂದು ಕುರ್ಚಿಯಲ್ಲಿ ಕೂತಳು. ಅಚ್ಚು ಚೆನ್ನಾಗಿ ಬಂತು. ಡಾಕ್ಟರು ಎಂದಿನಂತೆ ಒದ್ದೆ ಬಟ್ಟೆ ಸುತ್ತಿ ಡಬ್ಬಿ ಮುಚ್ಚಿದರು.

ಮಹಾಲಕ್ಷ್ಮಮ್ಮ ಅದನ್ನು ತಂದು, ಏನೂ ಗೊತ್ತಿಲ್ಲದವಳಂತೆ ಕುಮಾರಸ್ವಾಮಿಯ ಕೈಗೆ ಕೊಟ್ಟಳು. ಅವನು ಮೂವತ್ತು ದಾಟಿದ, ನಗುಮುಖದ, ಕಾಮಗೆರೆಯ ಆಚೆಯ ಹಳ್ಳಿಯವನು.

"ಓ, ಅಕ್ಕ ಇವತ್ತು ಇಲ್ಲೇ ಬಂದ್ಬುಟ್ಟವ್ರೆ! ಕೂತ್ಕಳಿ ಕೂತ್ಕಳಿ. ಡಬ್ಬಿ ಚಿಂತೆ ನಂಗ್ ಬುಡಿ," ಎಂದು ಅವನು ಡ್ರೈವರ್ ಸೀಟಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟ. ಡಬ್ಬಿ ಮುಚ್ಚಿಯೇ ಇತ್ತು. ಬಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಮುಂದಿನ ಸೀಟಿನಲ್ಲಿ ದೊಡ್ಡಬಸಮ್ಮ ಆಗಲೇ ಕೂತಿದ್ದಳು. "ಮೊಗ, ಬಾಯೆಲ್ಲ ಸಪ್ಪಗಾಗೋಗದೆ. ವಸಿ ಎಲೆ ಅಡ್ಕೆ ತಂದ್ಕೊಡು."

ಬಸ್ಸು ಹೊರಟ ಮೇಲಲ್ಲವೇ ಏನಾದರೂ ಆಗುವುದು ಎಂದುಕೊಂಡು ಮಹಾಲಕ್ಷ್ಮಮ್ಮ ಇಳಿದಳು. ಅಂಗಡಿಯವನು ಮೂವರಿಗೆ ಹೂವು ಅಳೆದು, ಒಬ್ಬನ ಜೊತೆ ಜಗಳವಾಡಿ, ಕೊನೆಗೆ ಇವಳ ಕಡೆ ತಿರುಗಿದ. ಎಲೆ ಅಡಿಕೆ ಹಿಡಿದು ಬಸ್ಸಿನ ಮುಂದೆ ಬಂದವಳು ಹಾಗೇ ನಿಂತುಬಿಟ್ಟಳು.

ಮುಂದಿನ ಗಾಜಿನ ಒಳಗಡೆ, ಮಲೆ ಮಾದಪ್ಪನ ಪಟದ ಪಕ್ಕದಲ್ಲಿ, ಉರಿಬಿಸಿಲಿನಲ್ಲಿ, ದೊಡ್ಡಬಸಮ್ಮನ ಅಚ್ಚು ಬಾಯಿ ತೆರೆದು ಕೂತಿತ್ತು. ಹಿಂಡಿದ ಬಟ್ಟೆ ಕಿಟಕಿಯ ಸರಳಿನಿಂದ ಗಾಳಿಗೆ ಹಾರಾಡುತ್ತಿತ್ತು.

"ಕುಮಾರಸ್ವಾಮಿ! ಏನ್ಲಾ ಇದು?"

"ಏನಕ್ಕ? ಒಣಗಾಕಿವ್ನಿ."

"ಯಾರ್ಲಾ ಒಣಗಾಕು ಅಂದೋರು ನಿಂಗೆ?"

"ಯಾರಾರ ಅನ್ಬೇಕಾ?" ಅವನಿಗೆ ನಿಜಕ್ಕೂ ಬೇಸರವಾಯಿತು. "ಒದ್ದೆ ಬಟ್ಟೆಲಿ ಸುತ್ತಿ, ಮ್ಯಾಲೆ ಮುಚ್ಳ ಬಿಗುದ್ರೆ ಯಾವ ವಸ್ತು ಉಳಿತದೆ ಅಕ್ಕ? ನಮ್ಮಪ್ಪನ ಕಾಲದಿಂದ ರೇಷ್ಮೆ ಉಳ ಸಾಕೋರು ನಾವು. ಒದ್ದೆ ಸೊಪ್ಪಾಕುದ್ರೆ ಉಳ ಸಾಯ್ತವೆ. ಬೆವತ ಗೂಡ ಮಾರ್ಕೆಟ್ಟಿಗೆ ಒತ್ಕಂಡೋದ್ರೆ ಯಾರೂ ಮೂಸೂ ನೋಡಲ್ಲ. ಡಾಕ್ಟ್ರಮ್ಮ ಓದ್ದೋರು, ಅವ್ರಿಗೆ ಇದೆಲ್ಲ ಎಂಗ್ ಗೊತ್ತಾಯ್ತದೆ ಅಂತ, ಮೊದಲ್ನೆ ದಿನದಿಂದ ನಾನೇ ಬಿಚ್ಚಿ ಗಾಳಿಗಿಕ್ಕಿ ತತ್ತಾ ಇವ್ನಿ."

"ಮತ್ತೆ ನನ್ ಕೈಗೆ ಕೊಡೋವಾಗ ಒದ್ದೆ ಇರ್ತಿತ್ತಲ್ಲೋ!"

"ಮಧುವನಹಳ್ಳಿ ದಾಟ್ತಿದ್ದಂಗೆ ಬಟ್ಟೆಗೆ ವಸಿ ನೀರ್ ಚಿಮುಕ್ಸಿ ಎಂಗಿತ್ತೋ ಅಂಗೆ ಕಟ್ಟಿಕ್ತಿದ್ದೆ. ಅವ್ರು ಬೇಜಾರ್ ಮಾಡ್ಕಬಾರ್ದು ನೋಡಿ."

ಮಹಾಲಕ್ಷ್ಮಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹುಳು ಸಾಕಿದವರ ಮನೆಯಲ್ಲಿ ಹುಟ್ಟಿದವನು ಇನ್ನೇನು ಮಾಡಿಯಾನು? ಒಂಬತ್ತು ವರ್ಷದ ಹಿಂದೆ ಯಾರಾದರೂ ಈ ಡಬ್ಬಿಯನ್ನು ಅವಳ ಕೈಗೇ ಕೊಟ್ಟಿದ್ದರೆ ಅವಳೂ ಬಿಚ್ಚಿ ಒಣಗಹಾಕುತ್ತಿದ್ದಳು.

"ಅಯ್ಯೋ ಪುಣ್ಯಾತ್ಮ, ಇದು ಗೂಡಲ್ಲ ಕಣ್ಲಾ. ಇದರ ಜೀವ ನೀರಲ್ಲದೆ. ಒಣಗುದ್ರೆ ಸೊರಗ್ತದೆ. ಈ ಅವ್ವನ ಅಲ್ಲು ಎರಡ್ ಕಿತ ಕೂರ್ದೆ ಓದದ್ದು ಇದಕ್ಕೇ."

ಕುಮಾರಸ್ವಾಮಿಯ ಮುಖ ಕಪ್ಪಿಟ್ಟಿತು. ಅವನು ಅಚ್ಚನ್ನು ನೋಡಿದ, ದೊಡ್ಡಬಸಮ್ಮನನ್ನು ನೋಡಿದ. ಆಮೇಲೆ ಮೆಲ್ಲಗೆ ಸೀಟಿಯನ್ನು ಬಾಯಿಗಿಟ್ಟುಕೊಂಡ, ಊದಲಿಲ್ಲ.

"ಓ, ನೀನೇನ್ಲಾ ನನ್ ಅಲ್ಲಿನ ಶನಿ!" ಎಂದಳು ದೊಡ್ಡಬಸಮ್ಮ.

ಮಹಾಲಕ್ಷ್ಮಮ್ಮ ಬೇಡಿಕೊಂಡಳು. "ಅವ್ವ, ಬಿರ್ನೆ ಇಳೀರಿ. ಮ್ಯಾಕ್ಕೋಗಿ ಇನ್ನೊಂದ್ ಅಳತೆ ತಕಬುಡನ. ಮೂರೇ ನಿಮ್ಸ."

"ಇಳಿಯಕ್ಕಿಲ್ಲ. ಸೀಟ್ ಬುಟ್ರೆ ಮತ್ತೆ ಸಿಕ್ತದಾ? ಕಾಮಗೆರೆ ಗಂಟ ನಿಂತ್ಕಂಡೋಗಕ್ಕೆ ನಂಗೆ ಮೊಣಕಾಲಿಲ್ಲ. ಆ ಮೆಟ್ಲು ಇನ್ನೊಂದ್ ಕಿತ ಅತ್ತೋಳೂ ಅಲ್ಲ. ಬೇಕಾರೆ ಇಲ್ಲೇ ತಕಳಿ." ಎಂದು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಸ್ಸು ಹೊರಡಲು ಹತ್ತು ನಿಮಿಷ ಉಳಿದಿತ್ತು. ಮಹಾಲಕ್ಷ್ಮಮ್ಮ ತನ್ನ ಜೀವಮಾನದಲ್ಲಿ ಡಾಕ್ಟರಿಗೆ ಹೀಗೆ ಮಾಡಿ ಎಂದು ಹೇಳಿದವಳಲ್ಲ. ಆದರೆ ಅಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಏದುಸಿರಿನಲ್ಲೇ ಎಲ್ಲ ಹೇಳಿ, "ತಟ್ಟೆ, ಪುಡಿ ತಕಂಡ್ ಬನ್ನಿ ಮೇಡಂ," ಎಂದಳು.

"ಬಸ್ಸಲ್ಲಾ? ಏನ್ ಹೇಳ್ತಿದೀರಿ ಮಹಾಲಕ್ಷ್ಮಮ್ಮ!"

"ನಿಂತಿರೋ ಬಸ್ಸು ಮೇಡಂ."

ಡಾಕ್ಟರು ಹೊಸ ಕೈಗವಸು, ತಟ್ಟೆ, ಪುಡಿ ಎತ್ತಿಕೊಂಡು ಇಳಿದರು.

ಬಸ್ಸಿನಲ್ಲಿ ಇದ್ದವರೆಲ್ಲ ಎದ್ದು ನಿಂತು ನೋಡತೊಡಗಿದರು. ನೀರು ಬೇಕಾಯಿತು. ಒಬ್ಬ ತನ್ನ ಬಾಟಲಿ ಕೊಟ್ಟ. ಮಹಾಲಕ್ಷ್ಮಮ್ಮ ಕಿರುಬೆರಳು ಅದ್ದಿ ತಲೆಯಾಡಿಸಿದಳು, ಬಿಸಿಲಿಗೆ ಕಾದ ನೀರು, ಕಲಸುತ್ತಲೇ ಕಲ್ಲಾಗುತ್ತದೆ. ಇನ್ನೊಬ್ಬರು ಅಂಗಡಿಯಿಂದ ಐಸಿನಂಥ ಬಾಟಲಿ ತಂದರು. ಅದೂ ಆಗದು, ಗಟ್ಟಿಯಾಗಲು ಹೊತ್ತು ಹಿಡಿದು ಅಜ್ಜಿಯ ಗಂಟಲಿಗೆ ಇಳಿಯುತ್ತದೆ. ಹಿಂದಿನಿಂದ ಮಾರ್ಟಳ್ಳಿಯ ತಮಿಳು ಮಾತಿನ ಹೆಂಗಸೊಬ್ಬಳು ಹಿಡಿಕೆಯಿದ್ದ ಸ್ಟೀಲಿನ ಪಾತ್ರೆ ಮುಂದೆ ದಾಟಿಸಿದಳು: "ಇಂದಾ ಅಕ್ಕಾ, ಪಾನೆ ತಣ್ಣಿ. ಮಡಕೆ ನೀರು. ಇದು ನೋಡುಂಗೊ."

ಬೆರಳು ಅದ್ದಿದಳು. ಅದೇ ಹದ.

ಕಲಸಿದ್ದು ಇಡ್ಲಿ ಹಿಟ್ಟಿನಂತೆ ನುಣ್ಣಗಾಯಿತು. ಡಾಕ್ಟರು ತಟ್ಟೆ ತುಂಬಿ ಅಜ್ಜಿಯ ಕೆಳಸಾಲಿಗೆ ಒತ್ತಿ ಹಿಡಿದರು. ಡ್ರೈವರ್ ಪುಟ್ಟಬಸಪ್ಪ ತನ್ನ ಗಡಿಯಾರ ನೋಡುತ್ತ ನಿಮಿಷ ಎಣಿಸಿದ.

"ದೊಡ್ಡಬಸಮ್ಮ ಮೂರ್ ನಿಮ್ಸ ಸುಮ್ಕಿರದ ಇವತ್ತೇ ನೋಡ್ದೆ," ಎಂದ ಯಾರೋ ಕಾಮಗೆರೆಯವನು.

ಅಜ್ಜಿ ಬಾಯಿ ತುಂಬ ತಟ್ಟೆ ಇಟ್ಟುಕೊಂಡೇ ಅವನ ಕಡೆ ಕೈಬೆರಳು ತೋರಿಸಿದಳು. ಆಮೇಲೆ ನೋಡಿಕೊಳ್ಳುತ್ತೇನೆ ಎಂಬ ಹಾಗೆ.

ಟಕ್. ಡಾಕ್ಟರು ಒಂದೇ ಸಲಕ್ಕೆ ಕಿತ್ತರು. ಎಲ್ಲೂ ಹರಿದಿರಲಿಲ್ಲ. "ಈಗ ಬಟ್ಟೆ ಸುತ್ತಿ..." ಎಂದು ಅವರು ಶುರುಮಾಡುವಷ್ಟರಲ್ಲಿ ಮಹಾಲಕ್ಷ್ಮಮ್ಮ ಚೀಲದಿಂದ ಸ್ಟೋನ್ ಪುಡಿಯ ಪೊಟ್ಟಣ ತೆಗೆದಿದ್ದಳು.

"ಸುತ್ತೋದೇ ಬೇಡ ಮೇಡಂ. ಇಲ್ಲೇ ಸುರಿದ್ಬುಡ್ತೀನಿ. ಆಮೇಲೆ ಕುಮಾರಸ್ವಾಮಿ ಒಣಗಾಕಿದ್ರೂ ಒಂದೇ, ತೂಗಾಕಿದ್ರೂ ಒಂದೇ."

"ಆದ್ರೆ ಅಲುಗಿಸೋ ಮೆಷೀನ್ ಇಲ್ವಲ್ಲ? ಗುಳ್ಳೆ ಉಳಿದುಬಿಟ್ರೆ?"

ಅದು ನಿಜ. ಗಾರೆ ಸುರಿಯುವಾಗ ಅಚ್ಚನ್ನು ಸಣ್ಣಗೆ ಅದುರಿಸುತ್ತಿರಬೇಕು. ಇಲ್ಲದಿದ್ದರೆ ಹಲ್ಲಿನ ಕುಳಿಯಲ್ಲಿ ಗಾಳಿ ಸಿಕ್ಕಿಕೊ‍ಂಡು ಕಲ್ಲಿನಲ್ಲಿ ತೂತು ಉಳಿಯುತ್ತದೆ. ಕೊಳ್ಳೇಗಾಲದಲ್ಲಿ ಅದಕ್ಕೊಂದು ಪುಟ್ಟ ಯಂತ್ರವಿತ್ತು. ಇಲ್ಲಿ ಏನಿದೆ? ಅವಳು ಸುತ್ತ ನೋಡಿದಳು. ಡ್ರೈವರ್ ಪಕ್ಕದಲ್ಲಿ ಎಂಜಿನ್ನಿನ ಮೇಲಿನ ಅಗಲವಾದ ಬಾನೆಟ್ ಕಾಣಿಸಿತು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಅದರ ಮೇಲೆ ಕೂತರೆ ಹಲ್ಲು ಹೇಗೆ ಕಟಕಟ ಅನ್ನುತ್ತದೆಂದು ಗೊತ್ತಿಲ್ಲವೇ!

"ಪುಟ್ಟಬಸಪ್ಪಣ್ಣ, ವಸಿ ಇಂಜಿನ್ ಚಾಲೂ ಮಾಡಿ. ಒರಡಬೇಡಿ, ಅಂಗೇ ನಿಂತಿರ್ಲಿ."

"ನಿಮ್ ಮಾತೇ ಮಾತು ಕಣವ್ವ," ಎಂದು ಪುಟ್ಟಬಸಪ್ಪ ಕೀಲಿ ತಿರುಗಿಸಿದ.

ಬಾನೆಟ್ಟಿನ ಕಾವು ತಾಗದ ಹಾಗೆ ಒದ್ದೆ ಬಟ್ಟೆಯನ್ನು ಮಡಿಸಿ ಹಾಸಿದಳು. ಅದರ ಮೇಲೆ ಅಚ್ಚಿಟ್ಟು, ಮೊಣಕಾಲೂರಿ ಕೂತು, ಗಾರೆಯನ್ನು ಒಂದು ಕೊನೆಯಿಂದ ಹನಿಹನಿಯಾಗಿ ಬಿಟ್ಟಳು. ಎಂಜಿನ್ ಗುರುಗುಟ್ಟಿತು. ಹಳದಿ ಗಾರೆ ಒಂದು ಹಲ್ಲಿನ ಕುಳಿ ತುಂಬಿ ಮುಂದಿನದಕ್ಕೆ, ಅದನ್ನು ತುಂಬಿ ಅದರ ಮುಂದಿನದಕ್ಕೆ ಹರಿಯಿತು. ಸಣ್ಣ ಸಣ್ಣ ಗುಳ್ಳೆಗಳು ಮೇಲೆದ್ದು ಒಡೆದವು.

"ಬಂತು, ಇನ್ನೊಂದು ಬಂತು," ಎಂದು ಕುಮಾರಸ್ವಾಮಿ ಅವಳ ಹೆಗಲ ಮೇಲಿನಿಂದ ಬಗ್ಗಿ ಎಣಿಸುತ್ತಿದ್ದ. ಅವನ ಮುಖಕ್ಕೆ ರಂಗು ಮರಳಿತ್ತು.

ಹಿಂದೆ ನಿಂತಿದ್ದ ಇನ್ನೊಂದು ಬಸ್ಸು ಹಾರನ್ ಬಾರಿಸಿತು. ಟೈಮು ದಾಟಿ ನಾಲ್ಕು ನಿಮಿಷವಾಗಿತ್ತು. ಕುಮಾರಸ್ವಾಮಿ ಕಿಟಕಿಯಿಂದ ತಲೆ ಹಾಕಿ ಕೂಗಿದ, "ತಡ್ಕಳಯ್ಯ, ಅವ್ವನ ಅಲ್ಲು ಉಯ್ತಾವ್ರೆ!" ಆ ಕಡೆಯವನಿಗೆ ಏನು ಅರ್ಥವಾಯಿತೋ, ಹಾರನ್ ನಿಂತಿತು.

ಡಾಕ್ಟರು ಇಳಿದರು, ಬಸ್ಸು ಹೊರಟಿತು. ಮಹಾಲಕ್ಷ್ಮಮ್ಮ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಹಳ್ಳ ಬಂದಾಗಲೆಲ್ಲ ಎರಡು ಕೈಯಲ್ಲಿ ಎತ್ತಿ ಹಿಡಿದಳು. ಕಾಮಗೆರೆಯಲ್ಲಿ ಇಳಿಯುವ ಮೊದಲು ದೊಡ್ಡಬಸಮ್ಮ ಒಂದು ಬೆರಳಿನಿಂದ ಗಾರೆಯನ್ನು ಮುಟ್ಟಿ ನೋಡಿ ಬೆಚ್ಚಿದಳು.

"ಏ, ಬೆಚ್ಚಗದೆ ಕಣೆ!"

"ಗಟ್ಟಿ ಆಗೋವಾಗ ಬಿಸಿ ಬತ್ತದೆ ಅವ್ವ. ತಣ್ಣಗಾದ್ರೆ ಆಯ್ತು ಅಂತ."

ಕೊಳ್ಳೇಗಾಲದಲ್ಲಿ ಇಳಿಯುವಾಗ ಅದು ತಣ್ಣಗಾಗಿತ್ತು. ಹಿಂದಿನ ಕೋಣೆಯಲ್ಲಿ ಕೂತು ಅಚ್ಚನ್ನು ಸುಲಿದಳು. ಐದು ಹಲ್ಲೂ ಇದ್ದವು, ಒಂದರಲ್ಲೂ ತೂತಿರಲಿಲ್ಲ. ಆದರೂ ಅವಳಿಗೆ ನೆಮ್ಮದಿಯಾಗಲಿಲ್ಲ. ಕಲ್ಲು ಚೆನ್ನಾಗಿ ಕಾಣುವುದು ಬೇರೆ, ಬಾಯಿ ಒಪ್ಪುವುದು ಬೇರೆ. ಮೈಸೂರಿನಿಂದ ಸೆಟ್ಟು ಬರುವವರೆಗಿನ ಹದಿನಾಲ್ಕು ದಿನ ಶಾಂತರಾಜುವಿಗೆ ಸಾರು ಒಮ್ಮೆ ಸಪ್ಪೆ, ಒಮ್ಮೆ ಉಪ್ಪು. ಅವನು ಬಾಯಿಬಿಡದೆ ಉಂಡ.

ಹದಿನೈದನೆಯ ದಿನ, ಗುರುವಾರ, ಹನೂರಿನ ಕೋಣೆ. ಈ ಸಲ ಮಹಾಲಕ್ಷ್ಮಮ್ಮನನ್ನು ಡಾಕ್ಟರೇ ಕಾರಿನಲ್ಲಿ ಕರೆತಂದಿದ್ದರು. ದೊಡ್ಡಬಸಮ್ಮ ಬೈದುಕೊಂಡೇ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತಳು. ಬಸ್ಸು ಹೊರಡಲು ಇನ್ನೂ ಹೊತ್ತಿದೆ ಎಂದು ಕುಮಾರಸ್ವಾಮಿ ಬಾಗಿಲಲ್ಲಿ ಬಂದು ನಿಂತಿದ್ದ. ಯಾರೂ ಕರೆದಿರಲಿಲ್ಲ. ಡಾಕ್ಟರು ಸೆಟ್ಟನ್ನು ಬಾಯೊಳಗಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಎಡಗಡೆ ಒತ್ತಿದರು, ಬಲಗಡೆ ಏಳಲಿಲ್ಲ. ಬಲಗಡೆ ಒತ್ತಿದರು, ಎಡಗಡೆ ಏಳಲಿಲ್ಲ.

"ಹೇಗಿದೆ ಅಜ್ಜಿ?"

ದೊಡ್ಡಬಸಮ್ಮ ಮಾತಾಡಲಿಲ್ಲ.

"ನೋವಾಗ್ತಿದೆಯಾ?"

ಮಾತಿಲ್ಲ. ತುಟಿ ಬಿಗಿಹಿಡಿದು ಗೋಡೆ ನೋಡುತ್ತ ಕೂತಳು. ಒಂದು ನಿಮಿಷವಾಯಿತು. ಎರಡಾಯಿತು. ಮಹಾಲಕ್ಷ್ಮಮ್ಮ ಕಿಟಕಿಯ ಕಂಬಿ ಹಿಡಿದುಕೊಂಡಳು. ಬಾಗಿಲಲ್ಲಿದ್ದ ಕುಮಾರಸ್ವಾಮಿ ಟಿಕೆಟ್ ಚೀಲವನ್ನು ಎದೆಗೆ ಅವಚಿಕೊಂಡು, "ಅವ್ವ, ಬಯ್ಯದಾರೆ ಬಯ್ದ್ಬುಡಿ, ಇಂಗೆ ಸುಮ್ಕೆ ಕೂರ್ಬೇಡಿ," ಎಂದ.

ಅಜ್ಜಿ ಮೆಲ್ಲಗೆ ಕೆಳದವಡೆಯನ್ನು ಎಡಕ್ಕೆ ಸರಿಸಿದಳು. ಬಲಕ್ಕೆ ಸರಿಸಿದಳು. ಸೆಟ್ಟು ಜೊತೆಗೇ ಹೋಯಿತು, ಜೊತೆಗೇ ಬಂತು.

"ಮಾತಾಡುದ್ರೆ ಎಲ್ಲಿ ಬಿದ್ದೋಯ್ತದೋ ಅಂತ ಸುಮ್ಕಿದ್ದೆ ಕಣ್ಲಾ," ಎಂದಳು. "ಬೀಳಕ್ಕಿಲ್ಲ ಇದು."

ಆಮೇಲೆ ಅವಳು ಮಾತು ನಿಲ್ಲಿಸಲಿಲ್ಲ. ಕುಮಾರಸ್ವಾಮಿಯ ಅಪ್ಪನ ಹೆಸರಿನಿಂದ ಶುರುಮಾಡಿ, ಬಸ್ಸಿನಲ್ಲಿ ತನ್ನನ್ನು ಆಡಿಕೊಂಡ ಕಾಮಗೆರೆಯವನ ಮೂರು ತಲೆಮಾರಿನವರೆಗೂ ಹೋಗಿ, ಹೊಸ ಹಲ್ಲಿನ ನಡುವಿನಿಂದ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬೈದಳು. ಕುಮಾರಸ್ವಾಮಿ ಹಲ್ಲು ಕಿರಿದು ಕೇಳುತ್ತ ನಿಂತ.

ಡಾಕ್ಟರ್ ಪ್ರೇಮಾ ಕೈಗವಸು ಬಿಚ್ಚುತ್ತ ಮಹಾಲಕ್ಷ್ಮಮ್ಮನ ಕಡೆ ತಿರುಗಿದರು. ಕಿಟಕಿಯ ಬಳಿ ಬೆಳಕು ಚೆನ್ನಾಗಿ ಬೀಳುವ ಕಡೆ ಒಂದು ಮೇಜು ಖಾಲಿ ಇತ್ತು.

"ಆ ಮೇಜು ಸಾಕಾಗುತ್ತಾ ನಿಮಗೆ? ಗುರುವಾರ ಇಲ್ಲೇ ಸುರಿದುಬಿಡಿ. ಆ ಅಲುಗಿಸೋ ಮೆಷೀನ್ ಇನ್ನೊಂದು ತರಿಸ್ತೀನಿ. ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತೀರಿ?"

ಮಹಾಲಕ್ಷ್ಮಮ್ಮ ಮೇಜಿನ ಹತ್ತಿರ ಹೋಗಿ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಅಲ್ಲಾಡಲಿಲ್ಲ.

"ಎಂಟೂವರೆ ಬಸ್ಸಿಗೆ ಬತ್ತೀನಿ ಮೇಡಂ," ಎಂದಳು. "ನೀರ್ ಮಾತ್ರ ಮಡಕೇದೇ ಇರ್ಲಿ."